ಹೈಲೈಟ್ಸ್ ಬುಡದಲ್ಲಿ ಕಪ್ಪು ಕಂಡರೆ: ಮನೆಯಲ್ಲೇ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಅಂತ ಸೆಪ್ಟೆಂಬರ್‌ನಲ್ಲಿ ಹೈಲೈಟ್ಸ್ ಮಾಡಿಸಿಕೊಂಡವರಿಗೆ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಬೈತಲೆಯಲ್ಲಿ ಕಪ್ಪು ಪಟ್ಟೆ ಕಾಣತೊಡಗುತ್ತದೆ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಮೂರು ತಿಂಗಳಾಯಿತು ಅಂದರೆ ಬುಡದಲ್ಲಿ ಮೂರು ಸೆಂಟಿಮೀಟರ್‌ಗೂ ಮೇಲೆ ಹೊಸ ಕೂದಲು. ಅದೇ ಸಮಯಕ್ಕೆ ಮದುವೆಗಳ ಸಾಲು, ತೋಟದಲ್ಲಿ ಕಾಫಿ ಕೊಯ್ಲು. ನಾಪೋಕ್ಲು ಕಡೆಯ ತೋಟದ ಮನೆಯಿಂದ ಮಡಿಕೇರಿಗೆ ಹೋಗಿ ಪಾರ್ಲರ್‌ನಲ್ಲಿ ಅರ್ಧ ದಿನ ಕೂರಲು ಪುರುಸೊತ್ತು ಯಾರಿಗಿದೆ? ಹೈಲೈಟ್ಸ್ ಅಂದರೆ ಮೈಸೂರಿನಲ್ಲೇ ಆಗಬೇಕು ಅನ್ನುವವರಿಗೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ದಾರಿ. ಹಾಗಾಗಿ ‘ಮನೆಯಲ್ಲೇ ಬುಡಕ್ಕೆ ಒಂದಿಷ್ಟು ಹಚ್ಚಿಬಿಟ್ಟರೆ ಆಗಲ್ವಾ’ ಅನ್ನುವ ಯೋಚನೆ ಬಂದೇ ಬರುತ್ತದೆ.

ಆಗುತ್ತೆ. ಆದರೆ ಹಚ್ಚಬೇಕಾದ ಜಾಗ ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಈ ಕೆಲಸದ ಗುಟ್ಟೆಲ್ಲ ಅದರಲ್ಲೇ ಇದೆ.

ತಲೆಗೆ ಪೂರ್ತಿ ಡೈ ಹಾಕುವವರಿಗೆ ಬುಡದ ಕೆಲಸ ಸುಲಭ. ಬೈತಲೆ ತೆಗೆದು, ಹೊಸ ಕೂದಲು ಎಲ್ಲಿದೆಯೋ ಅಲ್ಲೆಲ್ಲ ಬ್ರಶ್ ಎಳೆದುಕೊಂಡು ಹೋದರೆ ಮುಗಿಯಿತು. ಹೈಲೈಟ್ಸ್ ಹಾಗಲ್ಲ. ಪಾರ್ಲರ್‌ನವರು ಕೆಲವು ಎಳೆಗಳನ್ನು ಮಾತ್ರ ಆರಿಸಿ ತಿಳಿಯಾಗಿಸಿರುತ್ತಾರೆ. ಪಕ್ಕದ ಎಳೆಗಳು ನಿಮ್ಮದೇ ಬಣ್ಣದಲ್ಲಿ ಉಳಿದಿರುತ್ತವೆ. ಆ ಕಪ್ಪು ಪಕ್ಕದಲ್ಲಿ ಇರುವುದರಿಂದಲೇ ತಿಳಿ ಎಳೆ ಎದ್ದು ಕಾಣುವುದು. ಈಗ ನೀವು ಬೈತಲೆ ಉದ್ದಕ್ಕೂ ಬ್ಲೀಚ್ ಬಳಿದರೆ, ಹಿಂದೆಂದೂ ತಿಳಿಯಾಗದಿದ್ದ ಎಳೆಗಳ ಬುಡವೂ ತಿಳಿಯಾಗುತ್ತದೆ. ನೆತ್ತಿಯ ಮೇಲೆ ಮೂರು ಸೆಂಟಿಮೀಟರ್ ಪೂರ್ತಿ ಕಿತ್ತಳೆ, ಅದರ ಕೆಳಗೆ ಕಪ್ಪು-ಕಂದು ಗೆರೆಗಳು. ಮನೆಯಲ್ಲಿ ಮಾಡಿಕೊಂಡು ಆಮೇಲೆ ಟೋಪಿ ಹುಡುಕುವವರಲ್ಲಿ ಹೆಚ್ಚಿನವರು ಮಾಡಿರುವುದು ಇದನ್ನೇ. ಇದನ್ನು ಸರಿಮಾಡಲು ಪಾರ್ಲರ್‌ಗೆ ಹೋದರೆ ಮೊದಲಿನ ಹೈಲೈಟ್ಸ್‌ಗಿಂತ ಜಾಸ್ತಿ ಖರ್ಚಾಗುತ್ತದೆ.

ಇನ್ನು ಕೂದಲಿನ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಇದು ತಿಳಿದಿದ್ದರೆ ಮುಂದಿನ ಅರ್ಧ ಗೊಂದಲ ಇರುವುದಿಲ್ಲ. ನಮ್ಮ ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡು ಜಾತಿ. ಕಪ್ಪು-ಕಂದು ಬಣ್ಣದ್ದು ಯೂಮೆಲನಿನ್, ಕೆಂಪು-ಹಳದಿಯದ್ದು ಫಿಯೋಮೆಲನಿನ್. ಬ್ಲೀಚ್ ಕೂದಲಿನ ಹೊರಪದರ ದಾಟಿ ಒಳಗೆ ಹೋಗಿ ಈ ಮೆಲನಿನ್ ಅನ್ನು ಒಡೆಯುತ್ತದೆ. ಕಪ್ಪು ಬೇಗ ಹೋಗುತ್ತದೆ, ಕೆಂಪು-ಹಳದಿ ಹಟ ಹಿಡಿದು ಉಳಿಯುತ್ತದೆ. ಅದಕ್ಕೇ ಕಪ್ಪು ಕೂದಲು ನೇರವಾಗಿ ಜೇನು ಬಣ್ಣಕ್ಕೆ ಬರುವುದಿಲ್ಲ. ಮೊದಲು ಕಡು ಕಂದು, ಆಮೇಲೆ ಕೆಂಪು ಕಂದು, ಆಮೇಲೆ ಕಿತ್ತಳೆ, ಕಿತ್ತಳೆ-ಹಳದಿ, ಹಳದಿ, ಕೊನೆಗೆ ತಿಳಿ ಹಳದಿ. ಪಾರ್ಲರ್‌ನವರು ಇದನ್ನು 1ರಿಂದ 10ರವರೆಗೆ ಲೆವೆಲ್ ಅಂತ ಎಣಿಸುತ್ತಾರೆ. 1 ಅಂದರೆ ಅಚ್ಚ ಕಪ್ಪು. ನಮ್ಮವರ ಕೂದಲು ಸಾಮಾನ್ಯವಾಗಿ 1ರಿಂದ 3. ಕ್ಯಾರಮೆಲ್ ಅನ್ನುವ ಶೇಡ್‌ಗಳು ಸುಮಾರು 6-7ರ ಹತ್ತಿರ, ಜೇನು ಬಣ್ಣ ಇನ್ನೂ ಮೇಲೆ.

ನಡುವೆ ಕಿತ್ತಳೆ ಕಂಡರೆ ಗಾಬರಿಯಾಗಬೇಡಿ. ಕೆಟ್ಟಿದೆ ಅಂತ ಅರ್ಥ ಅಲ್ಲ, ದಾರಿಯಲ್ಲಿ ಇದೆ ಅಂತ ಅಷ್ಟೆ.

ಅಂಗಡಿಯಲ್ಲಿ ಸಿಗುವ ‘ಕ್ಯಾರಮೆಲ್ ಬ್ರೌನ್’ ಡಬ್ಬಿ ತಂದು ಬುಡಕ್ಕೆ ಹಾಕಿದರೆ ಸಾಲದೇ ಅಂತ ತುಂಬ ಜನ ಕೇಳುತ್ತಾರೆ. ಸಾಲದು. ಡಬ್ಬಿಯ ಮೇಲಿನ ಚಿತ್ರದ ಬಣ್ಣ ಕಪ್ಪು ಕೂದಲಿನ ಮೇಲೆ ಬರುವುದಿಲ್ಲ. ಆ ಡೈ ಕಪ್ಪನ್ನು ಸ್ವಲ್ಪ ಮಾತ್ರ ಸಡಿಲಿಸುತ್ತದೆ. ಬಿಸಿಲಿಗೆ ನಿಂತಾಗ ಒಂದು ಕೆಂಪು ಹೊಳಪು ಕಾಣಬಹುದು, ಅಷ್ಟೇ. ಮೊದಲೇ ಕಪ್ಪು ಡೈ ಹಾಕಿದ ಕೂದಲಾದರೆ ಅದೂ ಇಲ್ಲ. ಹಾಕಿದ ಬಣ್ಣವನ್ನು ಇನ್ನೊಂದು ಬಣ್ಣ ತೆಗೆಯುವುದಿಲ್ಲ.

ಹಾಗಾದರೆ ಬೇಕಾಗಿರುವುದು ಕೂದಲಿನ ಬ್ಲೀಚ್ ಪುಡಿ ಮತ್ತು ಡೆವಲಪರ್. ಮುಖಕ್ಕೆ ಹಚ್ಚುವ ಬ್ಲೀಚ್ ಕ್ರೀಮ್ ಅಲ್ಲ. ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅಂತೂ ಖಂಡಿತ ಅಲ್ಲ. ಅದು ಕ್ಲೋರಿನ್ ಇರುವ ಬೇರೆಯೇ ರಾಸಾಯನಿಕ, ಕೂದಲಿಗೂ ಚರ್ಮಕ್ಕೂ ಅಪಾಯ. ಕೂದಲಿನ ಬ್ಲೀಚ್ ಪುಡಿಯಲ್ಲಿ ಇರುವುದು ಪೊಟ್ಯಾಸಿಯಂ, ಅಮೋನಿಯಂ ಅಥವಾ ಸೋಡಿಯಂ ಪರ್ಸಲ್ಫೇಟ್ ಲವಣಗಳು, ಜೊತೆಗೆ ಕ್ಷಾರ. ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಕ್ರೀಮ್. ಬಾಟಲಿ ಮೇಲೆ 10, 20, 30, 40 ವಾಲ್ಯೂಮ್ ಅಂತ ಬರೆದಿರುತ್ತದೆ. ಅದರಿಂದ ಎಷ್ಟು ಆಮ್ಲಜನಕ ಬಿಡುಗಡೆಯಾಗುತ್ತದೆ ಅನ್ನುವ ಲೆಕ್ಕ ಅದು. ಪೆರಾಕ್ಸೈಡ್ ಪ್ರಮಾಣದಲ್ಲಿ ಹೇಳುವುದಾದರೆ 10 ಅಂದರೆ ಶೇ. 3, 20 ಅಂದರೆ ಶೇ. 6, 30 ಅಂದರೆ ಶೇ. 9, 40 ಅಂದರೆ ಶೇ. 12. ಮನೆಯಲ್ಲಿ ಬುಡಕ್ಕೆ 20 ಸಾಕು. ಬೇಗ ಆಗಲಿ ಅಂತ 40 ತರುವವರಿದ್ದಾರೆ. ನೆತ್ತಿಯ ಶಾಖಕ್ಕೇ ಬುಡದ ಹತ್ತಿರ ಬ್ಲೀಚ್ ಜೋರಾಗಿ ಕೆಲಸ ಮಾಡುತ್ತದೆ. ಅದರ ಮೇಲೆ 40 ಹಾಕಿದರೆ ಚರ್ಮ ಸುಡುತ್ತದೆ, ಬುಡ ಉಳಿದದ್ದಕ್ಕಿಂತ ಬೆಳ್ಳಗಾಗುತ್ತದೆ.

ಶುರು ಮಾಡುವ ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಹೈಲೈಟ್ಸ್ ಆದ ಮೇಲೆ ತಲೆಗೆ ಮೆಹಂದಿ ಹಾಕಿದ್ದೀರಾ?

ನಮ್ಮ ಕಡೆ ಕಾಫಿ ಡಿಕಾಕ್ಷನ್‌ನಲ್ಲಿ ಮೆಹಂದಿ ಕಲಸಿ, ರಾತ್ರಿಯೆಲ್ಲ ಕಬ್ಬಿಣದ ಬಾಣಲೆಯಲ್ಲಿಟ್ಟು ಹಚ್ಚುವುದು ಹಳೇ ರೂಢಿ. ಶುದ್ಧ ಮೆಹಂದಿ ಸೊಪ್ಪಿನ ಪುಡಿಯಾದರೆ ಅದರ ಬಣ್ಣ ಕೂದಲಿನ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬ್ಲೀಚ್ ಮಾಡಿದರೆ ಗಾಢ ಕಿತ್ತಳೆಯಲ್ಲಿ ನಿಂತುಬಿಡುತ್ತದೆ. ಮೆಹಂದಿ ಜೊತೆ ನೀಲಿ ಸೊಪ್ಪಿನ ಪುಡಿ, ಅಂದರೆ ಇಂಡಿಗೋ ಸೇರಿಸಿದ್ದರೆ ಹಸಿರು ಛಾಯೆಯೂ ಬರಬಹುದು. ಇದಕ್ಕಿಂತ ತೊಂದರೆಯದು ‘ಕಪ್ಪು ಮೆಹಂದಿ’ ಅನ್ನುವ ಪ್ಯಾಕೆಟ್‌ಗಳು. ಕೆಲವದರಲ್ಲಿ ಪಿಪಿಡಿ ಅನ್ನುವ ಡೈ ಇರುತ್ತದೆ, ಕೆಲವದರಲ್ಲಿ ಲೋಹದ ಲವಣ ಇರುತ್ತದೆ. ಲೋಹದ ಲವಣ ಮತ್ತು ಪೆರಾಕ್ಸೈಡ್ ಸೇರಿದರೆ ಬಿಸಿ ಹುಟ್ಟುತ್ತದೆ, ಕೂದಲು ತುಂಡಾಗುವ ಮಟ್ಟಕ್ಕೂ ಹೋಗಬಹುದು. ಹಾಗಾಗಿ ಹೈಲೈಟ್ಸ್ ಆದ ಮೇಲೆ ಬುಡಕ್ಕೆ ಇಂಥದ್ದು ಏನಾದರೂ ಹಾಕಿದ್ದರೆ ಮನೆಯಲ್ಲಿ ಬ್ಲೀಚ್ ಮುಟ್ಟಬೇಡಿ. ಅಜ್ಜಿ ಹಚ್ಚಿಕೊಟ್ಟದ್ದು, ಬರೀ ಸೊಪ್ಪು ಅಂತ ಗೊತ್ತಿದ್ದರೂ ಕೂಡ.

ನೀರಿನ ವಿಷಯವೂ ಇಲ್ಲೇ ಬರುತ್ತದೆ. ನಿಮ್ಮ ಮನೆಯ ಬಕೆಟ್ ಒಳಗೆ, ಬಚ್ಚಲ ನೆಲದಲ್ಲಿ ಕೆಂಪು ಕಲೆ ಕೂರುತ್ತಿದ್ದರೆ ನೀರಿನಲ್ಲಿ ಕಬ್ಬಿಣ ಇದೆ. ಬೋರ್‌ವೆಲ್ ಇದ್ದವರು ಗಮನಿಸಿ. ಆ ಕಬ್ಬಿಣ ಕೂದಲಿನ ಮೇಲೂ ಕೂತಿರುತ್ತದೆ. ಬ್ಲೀಚ್‌ಗೆ ಎರಡು ಮೂರು ದಿನ ಮುಂಚೆ ಲೋಹದ ಅಂಶ ತೆಗೆಯುವ ಕೀಲೇಟಿಂಗ್ ಶಾಂಪೂವಿನಲ್ಲಿ ಒಮ್ಮೆ ತಲೆ ತೊಳೆದರೆ ಒಳ್ಳೆಯದು. ಆಮೇಲೆ ತೊಳೆಯಬೇಡಿ. ನೆತ್ತಿಯ ಜಿಡ್ಡು ಚರ್ಮಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತದೆ.

ಎರಡು ಪರೀಕ್ಷೆಗಳನ್ನು ಬಿಡಬಾರದು. ಒಂದು ಅಲರ್ಜಿಯದು. ಟೋನರ್ (ಬ್ಲೀಚ್ ಆದ ಮೇಲೆ ಬಣ್ಣ ಹೊಂದಿಸಲು ಹಚ್ಚುವುದು) ಅಥವಾ ಡೈಯನ್ನು ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ ಚೂರು ತೆಗೆದು ಮೊಣಕೈ ಒಳಗೋ ಕಿವಿಯ ಹಿಂದೆಯೋ ಹಚ್ಚಿ 48 ಗಂಟೆ ಕಾಯಿರಿ. ಕೆರೆತ, ಊತ ಬಂದರೆ ಅಲ್ಲಿಗೇ ಬಿಡಿ. ಅಸ್ತಮಾ ಇರುವವರು ಬ್ಲೀಚ್ ಪುಡಿಯಿಂದ ದೂರ ಇರುವುದೇ ಮೇಲು. ಪರ್ಸಲ್ಫೇಟ್ ಧೂಳು ಉಸಿರಾಟಕ್ಕೆ ಆಗಿಬರುವುದಿಲ್ಲ. ಇನ್ನೊಂದು ಕೂದಲಿನ ಬಲದ ಪರೀಕ್ಷೆ. ಹಳೇ ಹೈಲೈಟ್ ಎಳೆ ಒಂದನ್ನು ಒದ್ದೆ ಮಾಡಿ ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಷ್ಟೇ ಆದರೆ ಸರಿ. ಹಿಗ್ಗುತ್ತಲೇ ಹೋಗಿ ಪಟ್ ಅಂತ ತುಂಡಾದರೆ ಈ ಸಲ ಬ್ಲೀಚ್ ಬೇಡ.

ಈಗ ಜಾಗ ಆರಿಸುವುದು. ಕನ್ನಡಿ ಮುಂದೆ ಯಾವಾಗಲೂ ಬಾಚುವ ಹಾಗೆ ಬಾಚಿ ನಿಂತುಕೊಳ್ಳಿ. ಕಪ್ಪು ಬುಡ ಎಲ್ಲಿ ಕಣ್ಣಿಗೆ ಹೊಡೆಯುತ್ತದೆ? ಬೈತಲೆಯ ಎರಡೂ ಬದಿ ಎರಡು ಬೆರಳಗಲ, ಹಣೆಯ ಅಂಚಿನಲ್ಲಿ ಒಂದಿಷ್ಟು. ಉಳಿದ ಕಡೆ ಮೇಲಿನ ಕೂದಲೇ ಮುಚ್ಚಿಕೊಂಡಿರುತ್ತದೆ. ಅಷ್ಟು ಜಾಗಕ್ಕೆ ಎಂಟು ಹತ್ತು ಫಾಯಿಲ್, ಅಂದರೆ ಬ್ಲೀಚ್ ಹಚ್ಚಿದ ಎಳೆಗಳನ್ನು ಮಡಚಿಡುವ ಅಲ್ಯೂಮಿನಿಯಂ ಹಾಳೆ, ಸಾಕು. ಹಿಂದಲೆಗೆ ಕೈ ಹಾಕಬೇಡಿ. ಕಾಣದ ಜಾಗದಲ್ಲಿ ಕೈ ಹಿಂದೆ ಮಾಡಿ ಬ್ಲೀಚ್ ಹಚ್ಚಿದರೆ ಅದು ಎಲ್ಲಿ ಬೀಳುತ್ತದೋ ಹೇಳುವುದು ಕಷ್ಟ. ತಂಗಿಯೋ ಅತ್ತಿಗೆಯೋ ಜೊತೆಗಿದ್ದರೆ ಮುಂದಲೆಯ ಕೆಲಸವೂ ಅರ್ಧ ಹಗುರ.

ಬೇಕಾದ ಸಾಮಾನು: ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲು, ಡೈ ಬ್ರಶ್, ಬಾಲ ಇರುವ ಬಾಚಣಿಗೆ, ಕ್ಲಿಪ್, ಕೈಗವಸು, ಅಂಗೈ ಅಗಲಕ್ಕೆ ಕತ್ತರಿಸಿದ ಅಲ್ಯೂಮಿನಿಯಂ ಫಾಯಿಲ್, ಹಳೇ ಟವೆಲ್. ಚಪಾತಿ ಸುತ್ತುವ ಫಾಯಿಲ್ ನಡೆಯುತ್ತದೆ. ಸ್ಟೀಲ್, ತಾಮ್ರದ ಬಟ್ಟಲು ಬೇಡ. ಪುಡಿ ಮತ್ತು ಡೆವಲಪರ್ ಎಷ್ಟಕ್ಕೆಷ್ಟು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾಕೆಟ್ ಓದಿ. ಒಂದು ಪಾಲು ಪುಡಿಗೆ ಒಂದೂವರೆಯಿಂದ ಎರಡು ಪಾಲು ಡೆವಲಪರ್ ಸಾಮಾನ್ಯ. ಫಾಯಿಲ್ ಕೆಲಸಕ್ಕೆ ಮಿಶ್ರಣ ಇಡ್ಲಿ ಹಿಟ್ಟಿನ ಹದಕ್ಕೆ ಗಟ್ಟಿಯಾಗಿರಬೇಕು. ನೀರಾದರೆ ಫಾಯಿಲ್‌ನಿಂದ ಹೊರಗೆ ಸೋರಿ ನೆತ್ತಿಗೆ ಇಳಿಯುತ್ತದೆ, ಪಕ್ಕದ ಕಪ್ಪು ಎಳೆಗಳ ಮೇಲೆ ಚುಕ್ಕೆ ಬೀಳುತ್ತದೆ. ಒಮ್ಮೆಗೇ ಎಲ್ಲ ಕಲಸಬೇಡಿ, ಎರಡು ಸಲ ಕಲಸಿ. ಕಲಸಿಟ್ಟದ್ದು ಹೊತ್ತು ಹೋದ ಹಾಗೆ ಬಲ ಕಳೆದುಕೊಳ್ಳುತ್ತದೆ.

ಎಳೆ ಆರಿಸುವ ಕೆಲಸಕ್ಕೆ ತಾಳ್ಮೆ ಬೇಕು. ಬೈತಲೆಗೆ ಸರಿಯಾಗಿ, ಬಾಚಣಿಗೆಯ ಬಾಲದಿಂದ ಅರ್ಧ ಸೆಂಟಿಮೀಟರ್ ದಪ್ಪದ ಒಂದು ಪದರ ಎತ್ತಿ. ಉಳಿದದ್ದನ್ನು ಕ್ಲಿಪ್ ಹಾಕಿ ಹಿಂದೆ ಸರಿಸಿ. ಈಗ ಬುಡ ನೋಡಬೇಡಿ, ಬುಡದಲ್ಲಿ ಎಲ್ಲವೂ ಕಪ್ಪೇ. ಪದರವನ್ನು ಕಿಟಕಿ ಬೆಳಕಿಗೆ ಹಿಡಿದು ನಡುಭಾಗ ನೋಡಿ. ಅಲ್ಲಿ ತಿಳಿ ಎಳೆ, ಕಪ್ಪು ಎಳೆ ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ತಿಳಿ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಜಾರಿಸುತ್ತಾ ಬುಡದವರೆಗೆ ಬನ್ನಿ. ಬಂದ ಜಾಗದಲ್ಲಿ ಬಾಚಣಿಗೆಯ ಬಾಲ ತೂರಿಸಿ ಆ ಎಳೆಯನ್ನು ಬೇರ್ಪಡಿಸಿ. ಮುಂದಿನದಕ್ಕೂ ಹಾಗೆಯೇ. ಒಂದು ಪದರದಲ್ಲಿ ನಾಲ್ಕೈದು ತಿಳಿ ಎಳೆ ಸಿಗಬಹುದು. ಕಪ್ಪು ಎಳೆಗಳನ್ನು ಕೆಳಗೆ ಬಿಡಿ. ಒಂದು ಎಳೆ ಯಾವುದು ಅಂತ ಅನುಮಾನ ಬಂದರೆ ಅದನ್ನೂ ಬಿಟ್ಟುಬಿಡಿ. ಒಂದೆರಡು ತಪ್ಪಿಹೋದರೆ ಯಾರಿಗೂ ಕಾಣುವುದಿಲ್ಲ. ಸುಮ್ನೆ ಬೇಡದ್ದನ್ನು ಹಚ್ಚಿದರೆ ಮಾತ್ರ ಕಾಣುತ್ತದೆ.

ಆರಿಸಿದ ಎಳೆಗಳ ಅಡಿಗೆ ಫಾಯಿಲ್ ಜಾರಿಸಿ. ಫಾಯಿಲ್‌ನ ಮೇಲಂಚನ್ನು ಒಂದು ಸೆಂಟಿಮೀಟರ್ ಮೊದಲೇ ಮಡಚಿಕೊಂಡಿದ್ದರೆ ಗಟ್ಟಿ ನಿಲ್ಲುತ್ತದೆ, ನೆತ್ತಿಗೂ ಚುಚ್ಚುವುದಿಲ್ಲ. ಹಳೇ ತಿಳಿ ಭಾಗಕ್ಕೆ ಮೊದಲೇ ಸ್ವಲ್ಪ ಕಂಡೀಷನರ್ ಸವರಿಡಿ. ಬ್ಲೀಚ್ ಅಲ್ಲಿಗೆ ಹರಿದರೂ ಹೊಡೆತ ಕಡಿಮೆ. ಬ್ರಶ್ಶನ್ನು ಕಪ್ಪು ಬುಡದ ನಡುವಿನಿಂದ ಶುರು ಮಾಡಿ ನೆತ್ತಿಯ ಕಡೆ ಎಳೆಯಿರಿ, ಚರ್ಮಕ್ಕೆ ಎರಡು ಮೂರು ಮಿಲಿಮೀಟರ್ ಇರುವಾಗ ನಿಲ್ಲಿಸಿ. ಕೆಳಗಡೆಯೂ ಹಳೇ ತಿಳಿ ಬಣ್ಣ ಶುರುವಾಗುವ ಗೆರೆಗೆ ಎರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ. ಬ್ಲೀಚ್ ಕೆಲಸ ಮಾಡುತ್ತಾ ಉಬ್ಬುತ್ತದೆ, ಆ ಸಂದು ತಾನಾಗಿಯೇ ತುಂಬಿಕೊಳ್ಳುತ್ತದೆ. ಒಮ್ಮೆ ಬ್ಲೀಚ್ ಆದ ಕೂದಲಿನ ಮೇಲೆ ಮತ್ತೆ ಬ್ಲೀಚ್ ಬಿದ್ದರೆ ಅದೇ ಗೆರೆಯಲ್ಲಿ ಕೂದಲು ಮುರಿಯುತ್ತದೆ. ಬೈತಲೆ ಹತ್ತಿರ ಚಿಕ್ಕ ಚಿಕ್ಕ ಮುರಿದ ಕೂದಲು ನೆಟ್ಟಗೆ ನಿಂತಿರುವುದನ್ನು ನೋಡಿದ್ದೀರಲ್ಲ, ಅದು ಎಷ್ಟೋ ಸಲ ಹೀಗೆ ಆದದ್ದು. ಫಾಯಿಲ್ ಮಡಚುವಾಗ ಗಟ್ಟಿ ಒತ್ತಬೇಡಿ.

ಹತ್ತು ನಿಮಿಷಕ್ಕೆ ಮೊದಲ ಫಾಯಿಲ್ ತೆರೆದು ನೋಡಿ, ಆಮೇಲೆ ಐದೈದು ನಿಮಿಷಕ್ಕೆ. ಒದ್ದೆ ಹತ್ತಿಯಿಂದ ಒಂದು ಎಳೆಯ ಮೇಲಿನ ಬ್ಲೀಚ್ ಒರೆಸಿ, ಟವೆಲ್‌ನಲ್ಲಿ ಒತ್ತಿ ಒಣಗಿಸಿ ನೋಡಬೇಕು. ಒದ್ದೆ ಕೂದಲು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಟ್ಯೂಬ್‌ಲೈಟ್ ಬೆಳಕನ್ನು ನಂಬಬೇಡಿ. ಫಾಯಿಲ್ ಬೆಚ್ಚಗಿದ್ದರೆ ಸರಿ, ಕೈಗೆ ಬಿಸಿ ತಾಗಿದರೆ ತಕ್ಷಣ ತೆಗೆದು ತೊಳೆಯಿರಿ. ಮೊದಲು ಹಾಕಿದ ಫಾಯಿಲ್ ಮೊದಲು ಆಗುತ್ತದೆ, ಅದನ್ನು ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ ಉಳಿದದ್ದಕ್ಕೆ ಕಾಯಬಹುದು. ಪ್ಯಾಕೆಟ್ ಹೇಳಿದ ಗರಿಷ್ಠ ಸಮಯ ದಾಟಬಾರದು. ಬ್ಲೀಚ್ ಒಣಗಿದರೆ ಕೆಲಸವೂ ನಿಲ್ಲುತ್ತದೆ, ಇನ್ನೂ ಅರ್ಧ ಗಂಟೆ ಬಿಟ್ಟರೂ ಪ್ರಯೋಜನವಿಲ್ಲ.

ಜುಲೈ ತಿಂಗಳ ಮಡಿಕೇರಿಯಲ್ಲಿ ಇದನ್ನು ಮಾಡುವವರಿಗೆ ಒಂದು ಮಾತು. ಚಳಿಗೆ ಬ್ಲೀಚ್ ನಿಧಾನವಾಗುತ್ತದೆ. ಹಾಗಂತ ಒಲೆ ಮುಂದೆ ಕೂತು ತಲೆ ಕಾಯಿಸಬೇಡಿ, ಕೋಣೆ ಬೆಚ್ಚಗಿದ್ದರೆ ಸಾಕು. ಮಳೆ ಅಂತ ಕಿಟಕಿ ಪೂರ್ತಿ ಮುಚ್ಚಲೂಬೇಡಿ, ವಾಸನೆ ಹೊರಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು ಎರಡು ಬಕೆಟ್ ನೀರು ತುಂಬಿಸಿಟ್ಟುಕೊಳ್ಳಿ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ತಲೆಯಲ್ಲಿ ಹತ್ತು ಫಾಯಿಲ್, ಪಂಪ್ ಓಡುತ್ತಿಲ್ಲ, ಟ್ಯಾಂಕ್ ಖಾಲಿ. ಬ್ಲೀಚ್ ಕರೆಂಟ್‌ಗೆ ಕಾಯುವುದಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ, ಹಗಲು ಬೆಳಕಲ್ಲೇ ಶುರು ಮಾಡಿ.

ತೊಳೆಯುವಾಗ ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗೆ ಸಾಕು. ತೊಳೆದ ಮೇಲೆ ಬುಡ ಕಿತ್ತಳೆಯಾಗಿಯೋ ಹಳದಿಯಾಗಿಯೋ ಕಾಣುತ್ತದೆ, ಹಳೇ ಭಾಗದ ಜೊತೆ ಹೊಂದುವುದಿಲ್ಲ. ಇಲ್ಲಿ ಬರುವುದು ಟೋನರ್. ತಿಳಿಯಾಗಿಸುವುದು ಒಂದು ಕೆಲಸ, ಬಣ್ಣ ಹೊಂದಿಸುವುದು ಇನ್ನೊಂದು. ಎರಡನ್ನೂ ಬ್ಲೀಚ್‌ನಿಂದಲೇ ಮಾಡಲು ಹೋಗಿ ಕೂದಲು ಹಾಳು ಮಾಡಿಕೊಳ್ಳುವವರು ಜಾಸ್ತಿ.

ಟೋನರ್ ಲೆಕ್ಕ ಸರಳ. ಬಣ್ಣಗಳಲ್ಲಿ ಒಂದಕ್ಕೊಂದು ಎದುರಾಳಿ ಜೋಡಿಗಳಿವೆ. ಕಿತ್ತಳೆಯನ್ನು ನೀಲಿ ತಣಿಸುತ್ತದೆ, ಹಳದಿಯನ್ನು ನೇರಳೆ. ಬುಡ ಕಿತ್ತಳೆಗೆ ನಿಂತಿದ್ದರೆ ನೀಲಿ ಆಧಾರದ ಟೋನರ್ ಬೇಕು. ಆಗ ಅದು ಕ್ಯಾರಮೆಲ್ ಕಂದಿನ ಕಡೆ ವಾಲುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನೇರಳೆ ಶಾಂಪೂ. ಅದನ್ನು ಕಿತ್ತಳೆ ಬುಡಕ್ಕೆ ಎಷ್ಟು ಉಜ್ಜಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ, ಅದು ಹಳದಿಗೆ ಮಾತ್ರ. ಟೋನರ್‌ಗೆ ಅದರದೇ ಕಡಿಮೆ ವಾಲ್ಯೂಮ್ ಡೆವಲಪರ್ ಇರುತ್ತದೆ. ಟವೆಲ್‌ನಲ್ಲಿ ಒರೆಸಿದ ಕೂದಲಿಗೆ ಹಚ್ಚಿ, ಪಕ್ಕದಲ್ಲೇ ಇದ್ದು ನೋಡುತ್ತಿರಿ. ಬ್ಲೀಚ್ ಆದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ. ಕೆಲವಕ್ಕೆ ಐದೇ ನಿಮಿಷ ಸಾಕು. ಬುಡ ಇನ್ನೂ ಸಾಕಷ್ಟು ತಿಳಿಯಾಗಿಲ್ಲ ಅನ್ನಿಸಿದರೆ ಅವತ್ತೇ ಮತ್ತೆ ಬ್ಲೀಚ್ ಹಾಕಬೇಡಿ. ಟೋನರ್ ಹಾಕಿ ಕ್ಯಾರಮೆಲ್‌ಗೆ ತೃಪ್ತಿಪಡಿ. ಬುಡ ಒಂದು ಛಾಯೆ ಗಾಢ ಇದ್ದರೆ ಸಹಜವಾಗಿಯೇ ಕಾಣುತ್ತದೆ. ಉಲ್ಟಾ ಆದರೆ, ಅಂದರೆ ಬುಡ ತಿಳಿಯಾಗಿ ಕೆಳಗೆ ಗಾಢ ಆದರೆ, ದೂರದಿಂದಲೇ ಗೊತ್ತಾಗುತ್ತದೆ.

ಕೊನೆಗೆ ಹುಳಿ ನೀರು ಹಾಕಿದರೆ ಹೊಳಪು ಬರುತ್ತದೆ ಅಂತ ವಿನಿಗರ್ ಬದಲು ಕಾಚಂಪುಳಿ ಹಾಕಬಹುದಾ ಅನ್ನುವ ಪ್ರಶ್ನೆ ಕೊಡಗಿನಲ್ಲಿ ಮಾತ್ರ ಬರಲು ಸಾಧ್ಯ. ಬೇಡ. ಅಷ್ಟು ಗಾಢ, ಅಂಟು, ಕಪ್ಪು ರಸವನ್ನು ಈಗಷ್ಟೇ ತಿಳಿಯಾದ ಕೂದಲಿಗೆ ಯಾಕೆ? ಅದು ಪಂದಿ ಕರಿಗೇ ಇರಲಿ. ಬಣ್ಣ ಹಾಕಿದ ಕೂದಲಿಗೆ ಅಂತ ಬರುವ ಕಂಡೀಷನರ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೊಬ್ಬರಿ ಎಣ್ಣೆಗೆ ಮಾತ್ರ ನನ್ನ ಪೂರ್ತಿ ವೋಟು. 2003ರಲ್ಲಿ ರೇಲೆ ಮತ್ತು ಮೋಹಿಲೆ ಎಂಬ ಭಾರತೀಯ ಸಂಶೋಧಕರು ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿ ನೋಡಿದಾಗ, ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಬ್ಲೀಚ್ ಆದ ಕೂದಲನ್ನೂ ಅವರು ಪರೀಕ್ಷಿಸಿದ್ದರು. ಅವರು ಎಣ್ಣೆ ಕಂಪನಿಯವರೇ ಅನ್ನುವುದು ನಿಜ, ಆದರೆ ನಮ್ಮ ಅಜ್ಜಿಯರ ಅನುಭವವೂ ಅದನ್ನೇ ಹೇಳುತ್ತದಲ್ವಾ. ತಲೆ ತೊಳೆಯುವ ಮುಂಚೆ ಹಚ್ಚಿ, ಜಾಸ್ತಿ ಉಜ್ಜದೆ.

ಇಷ್ಟೆಲ್ಲ ಓದಿ ‘ಅಯ್ಯೋ ಬೇಡಪ್ಪಾ’ ಅನ್ನಿಸಿದವರಿಗೆ ಇನ್ನೊಂದು ದಾರಿ ಇದೆ. ನನ್ನನ್ನು ಕೇಳಿದರೆ ಮನೆಗೆ ಅದೇ ಸರಿ. ಬುಡವನ್ನು ತಿಳಿ ಮಾಡುವ ಬದಲು, ತಿಳಿ ಎಳೆಗಳ ಮೇಲ್ಭಾಗವನ್ನೇ ಸ್ವಲ್ಪ ಗಾಢ ಮಾಡುವುದು. ಪಾರ್ಲರ್‌ನಲ್ಲಿ ಇದನ್ನು ರೂಟ್ ಸ್ಮಜ್ ಅನ್ನುತ್ತಾರೆ. ನಿಮ್ಮ ಬುಡಕ್ಕಿಂತ ಒಂದು ಛಾಯೆ ತಿಳಿಯಾದ ಕಂದು ಡೆಮಿ-ಪರ್ಮನೆಂಟ್ (ಕಾಯಂ ಅಲ್ಲದ) ಬಣ್ಣ ತಂದು, ಕಪ್ಪು-ತಿಳಿ ಸೇರುವ ಗೆರೆಯ ಮೇಲೆ ಹಚ್ಚಿ, ಬೆರಳಿನಿಂದಲೋ ಬಾಚಣಿಗೆಯಿಂದಲೋ ಎರಡು ಮೂರು ಸೆಂಟಿಮೀಟರ್ ಕೆಳಗೆ ಎಳೆದುಬಿಡಿ. ಎಲ್ಲ ಎಳೆಗೂ ಒಂದೇ ಉದ್ದಕ್ಕೆ ಎಳೆಯಬೇಡಿ, ಒಂದು ಗಿಡ್ಡ ಒಂದು ಉದ್ದ ಇರಲಿ. ಗಟ್ಟಿ ಗೆರೆ ಮಾಯವಾಗಿ ಬಣ್ಣ ಮೇಲಿನಿಂದ ಕೆಳಗೆ ಮೆಲ್ಲಗೆ ತಿಳಿಯಾದ ಹಾಗೆ ಕಾಣುತ್ತದೆ. ಬ್ಲೀಚ್ ಇಲ್ಲ, ಎಳೆ ಆರಿಸುವ ಗೋಜೂ ಇಲ್ಲ. ಪಕ್ಕದ ಕಪ್ಪು ಕೂದಲಿಗೆ ತಾಗಿದರೂ ಬಣ್ಣ ತೋರುವುದಿಲ್ಲ. ಅಲರ್ಜಿ ಪರೀಕ್ಷೆ ಮಾತ್ರ ಇದಕ್ಕೂ ಬೇಕು. ತೊಳೆಯುತ್ತಾ ತೊಳೆಯುತ್ತಾ ಕೆಲವು ವಾರಗಳಲ್ಲಿ ಮಾಸುತ್ತದೆ.

ಬಿಳಿ ಕೂದಲು ಬರುತ್ತಿರುವವರು ಇನ್ನೂ ಅದೃಷ್ಟವಂತರು. ಬಿಳಿ ಎಳೆಗಳಲ್ಲಿ ಒಡೆಯಲು ಮೆಲನಿನ್ನೇ ಇಲ್ಲ, ಅವಕ್ಕೆ ಬ್ಲೀಚ್ ಬೇಕಿಲ್ಲ. ಹೈಲೈಟ್ಸ್ ನಡುವೆ ಅವು ಸೇರಿಕೊಂಡುಬಿಡುತ್ತವೆ.

ನಾಳೆಯೇ ವಿರಾಜಪೇಟೆಯಲ್ಲಿ ಮದುವೆ ಅಂದರೆ ಯಾವುದೂ ಬೇಡ. ಬೈತಲೆಯನ್ನು ನೇರ ತೆಗೆಯದೆ ಅಂಕುಡೊಂಕಾಗಿ ತೆಗೆಯಿರಿ, ಕಪ್ಪು ಗೆರೆ ಅಲ್ಲಲ್ಲೇ ಮುರಿದುಹೋಗುತ್ತದೆ. ಕೊಡವ ಸೀರೆ ಉಟ್ಟು ತಲೆಗೆ ವಸ್ತ್ರ ಕಟ್ಟುವವರಿಗೆ ಅದರ ಚಿಂತೆಯೂ ಇಲ್ಲ.

ಬ್ಲೀಚ್ ಹಚ್ಚಿದಾಗ ಚುರುಚುರು ಅನ್ನುವುದು ಉರಿಯಾಗಿ ಬದಲಾದರೆ ಸಹಿಸಿಕೊಂಡು ಕೂರಬೇಡಿ, ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹಾಯಿಸಿ ಆಸ್ಪತ್ರೆಗೆ ಹೋಗಿ. ಉಳಿದ ಮಿಶ್ರಣವನ್ನು ‘ಮುಂದಿನ ಸಲಕ್ಕೆ’ ಅಂತ ಡಬ್ಬಿಗೆ ತುಂಬಿ ಮುಚ್ಚಳ ಹಾಕಲೇಬೇಡಿ. ಒಳಗೆ ಅನಿಲ ಹುಟ್ಟುತ್ತಲೇ ಇರುತ್ತದೆ, ಡಬ್ಬಿ ಸಿಡಿಯಬಹುದು. ತುಂಬಾ ನೀರು ಬೆರೆಸಿ ಬಚ್ಚಲಿಗೆ ಚೆಲ್ಲಿ. ಮತ್ತೆ ಬ್ಲೀಚ್ ಮುಟ್ಟುವುದು ಎಂಟು ಹತ್ತು ವಾರದ ಮೇಲೆ. ಅಷ್ಟರಲ್ಲಿ ಪಾರ್ಲರ್‌ಗೆ ಹೋಗುವುದಾದರೆ ಏನು ಹಚ್ಚಿದ್ದೀರಿ, ಯಾವ ವಾಲ್ಯೂಮ್, ಯಾವ ಟೋನರ್ ಅಂತ ಅಲ್ಲಿನವರಿಗೆ ಹೇಳಿ. ಪ್ಯಾಕೆಟ್‌ನ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದರೆ ಇನ್ನೂ ಸುಲಭ.